ಊದುವವರ ಮನೆ ಸೇರಿದ ಮೂರು ಗುಂಡಿನ ಡಬ್ಬಿ

“ಊದಬ್ಯಾಡ್ರಿ ಕಾಕಾ, ಎಳೀರಿ.”

“ಎಳ್ಯಾಕತ್ತೀನಲ್ಲ ತಂಗಿ.”

“ಎಲ್ಲಿ ಎಳ್ಯಾಕತ್ತೀರಿ? ನಿಮ್ಮ ಗಲ್ಲ ನೋಡ್ರಿ, ಪುಗ್ಗ ಆಗ್ಯಾವ.”

ನನಗೆ ಕೊಳವೆಯುಂಟು, ಮಾತಿಲ್ಲ. ಇದ್ದಿದ್ದರೆ ಆವತ್ತೇ ನಡುವೆ ಬಾಯಿ ಹಾಕುತ್ತಿದ್ದೆ. ಆ ಹುಡುಗಿ ಹೇಳುವುದು ಖರೆ ಹಿರಿಯರೇ, ನೀವು ಎಷ್ಟು ಊದಿದರೂ ನನ್ನ ಗುಂಡುಗಳು ಕುಂತಲ್ಲಿಂದ ಏಳುವುದಿಲ್ಲ, ಎಳೆದರೆ ಮಾತ್ರ ಏಳುತ್ತವೆ, ಅದು ನನ್ನ ಹುಟ್ಟುಗುಣ ಎನ್ನುತ್ತಿದ್ದೆ.

ಹುಟ್ಟಿನ ಮಾತು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ನಾನೊಂದು ಉಸಿರಿನ ಡಬ್ಬಿ. ಯಾವುದೋ ದೂರದ ಕಾರ್ಖಾನೆಯಲ್ಲಿ ಕಾದ ಪ್ಲಾಸ್ಟಿಕ್ಕು ಅಚ್ಚಿಗೆ ಬಿತ್ತು, ನಾನು ಎದ್ದೆ. ಮೈಯೆಲ್ಲ ಗಾಜಿನ ಹಾಗೆ. ಹೊಟ್ಟೆಯಲ್ಲಿರುವುದನ್ನು ಮುಚ್ಚಿಡುವ ಕಪಟ ನನಗೆ ತಿಳಿಯದು. ಒಳಗೆ ಸಾಲಾಗಿ ಮೂರು ಕೋಣೆ, ಕೋಣೆಗೊಂದು ಹಗುರ ಗುಂಡು: ನೀಲಿ, ಹಳದಿ, ಕೆಂಪು. ಪಕ್ಕಕ್ಕೆ ಮಡಿಕೆ ಮಡಿಕೆಯ ಒಂದು ಕೊಳವೆ. ಅದರ ತುದಿಯನ್ನು ತುಟಿಯಲ್ಲಿ ಹಿಡಿದು ಉಸಿರು ಒಳಗೆಳೆದರೆ ನೀಲಿ ಏಳುತ್ತದೆ. ಇನ್ನಷ್ಟು ಎಳೆದರೆ ಹಳದಿ. ಎದೆ ತುಂಬ ಎಳೆದರೆ ಕೆಂಪು. ನೋಡಿದವರೆಲ್ಲ ನನ್ನನ್ನು ಆಟಿಕೆ ಎಂದೇ ತಿಳಿಯುತ್ತಾರೆ. ಬಾಗಲಕೋಟೆಯ ಔಷಧದ ಅಂಗಡಿಯಲ್ಲಿ ಗ್ಲೂಕೋಸ್ ಡಬ್ಬಿಗಳ ಪಕ್ಕದಲ್ಲಿ ಮೂರು ತಿಂಗಳು ಕುಳಿತಿದ್ದಾಗ, ನಾನೇ ಬೇಕೆಂದು ನೆಲಕ್ಕೆ ಬಿದ್ದು ಅತ್ತ ಮಕ್ಕಳೆಷ್ಟೋ. ನನ್ನ ಅಗತ್ಯವಿದ್ದ ದೊಡ್ಡವರು ಮಾತ್ರ ಒಬ್ಬರೂ ಹಾಗೆ ಅತ್ತಿದ್ದನ್ನು ಕಾಣೆ.

ಅಲ್ಲಿಂದ ನಾನು ಹೋದದ್ದು ಆಸ್ಪತ್ರೆಯ ಎರಡನೆಯ ಮಹಡಿಗೆ, ಮಾನಪ್ಪ ಪತ್ತಾರರ ಕೈಗೆ. ಗುಳೇದಗುಡ್ಡದ ಅಕ್ಕಸಾಲಿ. ವಯಸ್ಸು ಅರವತ್ತಾರು. ಹೃದಯಕ್ಕೆ ರಕ್ತ ಒಯ್ಯುವ ನಾಳಗಳಲ್ಲಿ ಮೂರು ಕಡೆ ಜಿಡ್ಡು ಕಟ್ಟಿ, ಎದೆ ತೆರೆದು ಸರಿಮಾಡಿ ನಾಲ್ಕು ದಿನವಾಗಿತ್ತು. ಉಸಿರಿನ ವ್ಯಾಯಾಮ ಕಲಿಸುವ ರೋಹಿಣಿ ಎಂಬ ಹುಡುಗಿ ಅವರ ಮುಂದೆ ಸ್ಟೂಲು ಹಾಕಿಕೊಂಡು ಕುಳಿತಿದ್ದಳು. ಇಬ್ಬರ ನಡುವೆ ನಾನು.

ಅವರು ಊದುತ್ತಿದ್ದುದಕ್ಕೆ ಕಾರಣವಿತ್ತು. ಐವತ್ತು ವರ್ಷ ಅವರು ದೀಪದ ಮುಂದೆ ಕುಳಿತು ಹಿತ್ತಾಳೆಯ ಊದುಗೊಳವೆಯಿಂದ ಉರಿ ಊದಿ ಬಂಗಾರಕ್ಕೆ ಬೆಸುಗೆ ಹಾಕಿದವರು. ಅದು ಹಬ್ಬದ ಪುಗ್ಗ, ಅಂದರೆ ಬಲೂನು, ಊದಿದ ಹಾಗಲ್ಲ. ಉರಿ ಒಂದು ಕ್ಷಣ ನಡುಗಿದರೂ ಬೆಸುಗೆ ಕೆಟ್ಟಿತು. ಅದಕ್ಕಾಗಿ ಗಲ್ಲದಲ್ಲಿ ಗಾಳಿ ಕೂಡಿಟ್ಟುಕೊಂಡು, ಅದನ್ನು ಸಣ್ಣಗೆ ಬಿಡುತ್ತಲೇ ಮೂಗಿನಿಂದ ಹೊಸ ಗಾಳಿ ತೆಗೆದುಕೊಳ್ಳುವ ವಿದ್ಯೆ ಅವರಿಗೆ ಅಪ್ಪನಿಂದ ಬಂದಿತ್ತು. ತುಟಿಗೆ ಕೊಳವೆ ತಾಗಿದರೆ ಸಾಕು, ಗಲ್ಲ ತಾನಾಗಿ ಉಬ್ಬುತ್ತಿತ್ತು.

“ಅಲ್ಲ ತಂಗಿ, ಕೊಳವಿ ಬಾಯಾಗಿಟ್ಟು ಯಾರರ ಗಾಳಿ ಒಳಗ ತೊಗೋತಾರೇನು? ಉರಿ ಬಾಯಾಗ ಬರ್ತೈತಿ.”

“ಇಲ್ಲಿ ಉರಿ ಇಲ್ರಿ ಕಾಕಾ.”

“ರೂಢಿ ಐತೆಲ್ಲ.”

ರೋಹಿಣಿ ತಾಳ್ಮೆಯವಳು. ಮುಷ್ಟಿ ಬಿಗಿದು ತೋರಿಸಿದಳು. “ನಿಮ್ಮ ಹೃದಯ ಇಷ್ಟ ಐತ್ರಿ. ಒಂದು ಪಂಪ್ ಅಂತ ತಿಳ್ಕೋರಿ. ಮೈಯೆಲ್ಲ ತಿರುಗಿ ಬಂದ ಹೊಲಸು ರಕ್ತಾನ ಬಲಗಡೆಯಿಂದ ಶ್ವಾಸಕೋಶಕ್ಕ ದೂಡತೈತಿ. ಅಲ್ಲಿ ನೀವು ಎಳಕೊಂಡ ಗಾಳಿ ಕೂಡಿ, ಅದು ಸ್ವಚ್ಛ ಆಗಿ ಎಡಗಡೆ ಬಂದು, ಮತ್ತ ಮೈಗೆ ಹೋಗತೈತಿ. ನೀವು ಗಾಳೀನ ಎಳೀಲಿಲ್ಲಂದ್ರ?”

“ಹಂಗಂದ್ರ ಶ್ವಾಸಕೋಶ ಅಂದ್ರ ಬಂಗಾರ ಪುಟಕ್ಕ ಹಾಕೂ ಕುಲುಮಿ.”

“ಹೂಂ, ಅದ. ನಿಮ್ಮ ಕುಲುಮಿ ತಳಾ ಮುಚ್ಚೇತಿ ಈಗ.”

ಆಕೆ ಹೆದರಿಸಲು ಹೇಳಿದ್ದಲ್ಲ. ಶ್ವಾಸಕೋಶವೆಂದರೆ ಕೋಟಿಗಟ್ಟಲೆ ಸಣ್ಣ ಗಾಳಿಚೀಲಗಳ ಗೊಂಚಲು. ಎದೆ ಕೊಯ್ಸಿಕೊಂಡವರು ನೋವಿಗೆ ಅಂಜಿ ಮೇಲೆಮೇಲೆ ಉಸಿರಾಡುತ್ತಾರೆ. ಗಾಳಿ ತಳ ಮುಟ್ಟುವುದಿಲ್ಲ, ತಳದ ಚೀಲಗಳು ಮುದುಡಿ ಅಂಟಿಕೊಳ್ಳುತ್ತವೆ, ಕಫ ನಿಲ್ಲುತ್ತದೆ, ಜ್ವರ ಬರುತ್ತದೆ. ಮಾನಪ್ಪನವರಿಗೆ ಆಗಲೇ ಮೈ ಬೆಚ್ಚಗಿತ್ತು.

ಮಧ್ಯಾಹ್ನ ರೋಹಿಣಿ ಬೇರೆ ಕೋಣೆಗೆ ಹೋದಾಗ ಅವರು ನನ್ನನ್ನು ತಿರುಗಿಸಿ ತಿರುಗಿಸಿ ನೋಡಿದರು. ಕಸುಬುದಾರರ ಕಣ್ಣು ಬಹಳ ಕೆಟ್ಟದ್ದು, ಯಾವ ವಸ್ತುವಿನ ಗುಟ್ಟೂ ಉಳಿಯುವುದಿಲ್ಲ. ನನ್ನನ್ನು ತಲೆಕೆಳಗೆ ಹಿಡಿದರು, ಊದಿದರು. ಮೂರೂ ಗುಂಡು ಟಕಟಕ ಎದ್ದು ನಿಂತವು. ನನ್ನ ಜನ್ಮದಲ್ಲಿ ಅಂಥ ಅವಮಾನ ಮತ್ತೊಂದಿಲ್ಲ.

“ತಂಗಿ, ಬಂದ ನೋಡು. ಮೂರೂ ಎದ್ದಾವು.”

ರೋಹಿಣಿ ಬಂದು ನೋಡಿದಳು. “ಕಾಕಾ, ನಿಮ್ಮ ಕೆಂಪ ಗುಂಡು ಯಾಕ ಎಡಕ್ಕ ಬಂದೈತಿ? ಬರೆದ ಅಕ್ಷರ ಯಾಕ ಉಲ್ಟಾ ಅದಾವ?”

ಮಾನಪ್ಪನವರು ಗೋಡೆಯ ಕಡೆ ನೋಡಿದರು.

ಆಗ ಆಕೆ ಬಾಗಿಲ ಕಡೆ ಒಮ್ಮೆ ಕಣ್ಣು ಹಾಯಿಸಿ, ದನಿ ಇಳಿಸಿ ಕೇಳಿದಳು. “ಬೀಡಿ ಸೇದತಿದ್ರಲ್ಲ, ಅದನ್ನ ಊದತಿದ್ರೋ ಎಳೀತಿದ್ರೋ?”

“ಎಳೀತಿದ್ದೆ.”

“ಅದನ್ನ ಮಾಡ್ರಿ. ಬೀಡಿ ಇಲ್ಲದ.”

ಅವರು ಎಳೆದರು. ನೀಲಿ ಗುಂಡು ಎದ್ದಿತು. ನಲವತ್ತು ವರ್ಷದ ದುಶ್ಚಟ ಕೊನೆಗೂ ಒಂದು ಒಳ್ಳೆಯ ಕೆಲಸ ಮಾಡಿತು. ಮಾನಪ್ಪನವರು ಎಷ್ಟು ಖುಷಿಯಾದರೆಂದರೆ, ಸಂಜೆ ಡಾಕ್ಟರು ಬಂದಾಗ ಅವರ ಮೇಲೇ ತಕರಾರು ತೆಗೆದರು.

“ಡಾಕ್ಟರ, ಕಾಲಾಗಿನ ನರ ತಗದು ಎದಿಗೆ ಹಚ್ಚೀರಂತ. ನಮ್ಮ ಕಸಬಿನ್ಯಾಗ ಕಾಲಿನ ಬೆಳ್ಳಿ ತಂದು ಕೊರಳಿನ ಬಂಗಾರಕ್ಕ ಎಂದೂ ಕೂಡಸಂಗಿಲ್ರಿ.”

“ಸೋರಾಕತ್ತೈತೇನ್ರಿ?”

“ಇಲ್ಲ.”

“ಹಂಗಾರ ಬೆಸುಗೆ ಛಲೋ ಆಗೇತಿ,” ಎಂದು ಡಾಕ್ಟರು ಮುಂದಿನ ಮಂಚಕ್ಕೆ ಹೋದರು.

ಅದೇ ಹೊತ್ತಿಗೆ ಮಾನಪ್ಪನವರ ಹೆಂಡತಿ ಸಾವಂತ್ರೆವ್ವ ಬುತ್ತಿ ಹಿಡಿದು ಬಂದರು. ಲಿಫ್ಟೆಂದರೆ ಅವರಿಗೆ ಅಂಜಿಕೆ, ಎರಡು ಮಹಡಿ ಹತ್ತಿಯೇ ಬರುತ್ತಿದ್ದರು. ಬಂದವರು ಒಂದು ಕೈ ಮಂಚದ ಸರಳಿಗೆ ಕೊಟ್ಟು ನಿಂತರು. ನಾನು ಉಸಿರಿನ ವಸ್ತು, ಬೇರೆಯವರು ಮುಖ ನೋಡಿದರೆ ನಾನು ಉಸಿರು ನೋಡುತ್ತೇನೆ. ಅವರ ಎದೆಯೊಳಗೆ ಸಣ್ಣದೊಂದು ಸೀಟಿ ಇತ್ತು. ಸುಂಯ್ ಎಂದು ಹೋಗುತ್ತಿತ್ತು, ಸುಂಯ್ ಎಂದು ಬರುತ್ತಿತ್ತು. ಆ ಕೋಣೆಯಲ್ಲಿ ಎಲ್ಲರೂ ಗಂಡನ ಎದೆಗೆ ಕಿವಿ ಕೊಟ್ಟಿದ್ದರು. ಹೆಂಡತಿಯದನ್ನು ಕೇಳಿದವನು ನಾನೊಬ್ಬನೇ. ಹೇಳುವುದು ಯಾರಿಗೆ, ಯಾವ ಬಾಯಿಂದ?

ಒಂಬತ್ತನೆಯ ದಿನ ನಮ್ಮನ್ನು ಮನೆಗೆ ಕಳಿಸಿದರು. ಹೊರಡುವಾಗ ರೋಹಿಣಿ ಮೂರು ಮಾತು ಹೇಳಿದಳು. ದಿನಾ ಅರ್ಧ ತಾಸು ನಡೆಯಬೇಕು. ಉಪ್ಪು, ಎಣ್ಣೆ, ಬೀಡಿ ನೆನೆಸಬಾರದು. ಡಬ್ಬಿಯ ಕೊಳವೆಗೆ ಒಬ್ಬರು ಬಾಯಿಟ್ಟರೆ ಇನ್ನೊಬ್ಬರು ಇಡಬಾರದು.

ಗುಳೇದಗುಡ್ಡದ ಮನೆಯಲ್ಲಿ ನನಗೆ ಸಿಕ್ಕ ಮರ್ಯಾದೆ ಹೇಳಿ ಮುಗಿಯದು. ತೂಕದ ತಕ್ಕಡಿಯ ಪಕ್ಕದಲ್ಲಿ ಕೂಡಿಸಿದರು. ಮೂಗುಬೊಟ್ಟು ಸರಿಮಾಡಿಸಲು ಬಂದವರಿಗೆಲ್ಲ ಮೊದಲು ನನ್ನ ದರ್ಶನ. “ಏನ್ರಿ ಪತ್ತಾರ್ರ ಇದು?” ಎಂದು ಕೇಳುವುದೊಂದೇ ತಡ, ಅವರು ಎಳೆದು ತೋರಿಸುತ್ತಿದ್ದರು. ತಿಂಗಳೊಪ್ಪತ್ತಿನಲ್ಲಿ ಹಳದಿಯೂ ಏಳತೊಡಗಿತು. ಉಪ್ಪು ಬಿಟ್ಟರು. ಎಣ್ಣೆ ಬಿಟ್ಟರು. ಬೀಡಿ ಬಿಟ್ಟು ಸಿಟ್ಟು ಹಿಡಿದರು, ಕ್ರಮೇಣ ಅದನ್ನೂ ಬಿಟ್ಟರು. ಒಂದನ್ನು ಮಾತ್ರ ಬಿಡಲಿಲ್ಲ.

“ಏನ ಬಿಡು ಅಂದ್ರೂ ಬಿಡ್ತೀನಿ. ಒಲಿ ಮ್ಯಾಲಿನ ರೊಟ್ಟಿ ಬಿಡಂಗಿಲ್ಲ. ಗ್ಯಾಸಿನ ರೊಟ್ಟಿಗೆ ವಾಸನಿ ಇರಂಗಿಲ್ಲ.”

“ಯಾರ್ ಬಿಡ ಅಂದ್ರು ನಿಮಗ?” ಎಂದು ಸಾವಂತ್ರೆವ್ವ ಒಲೆಯ ಮುಂದೆ ಕುಳಿತರು. ಗ್ಯಾಸಿನ ಒಲೆ ಚಹಾಕ್ಕೆ ಮಾತ್ರ. ರೊಟ್ಟಿಗೆ ಕಟ್ಟಿಗೆ, ಕಟ್ಟಿಗೆಗೆ ಹೊಗೆ, ಹೊಗೆಗೆ ಕಬ್ಬಿಣದ ಊದುಗೊಳವೆ. ಗಂಡ ಹೊರಗೆ ಐವತ್ತು ವರ್ಷ ಊದಿದ್ದರೆ, ಹೆಂಡತಿ ಒಳಗೆ ನಲವತ್ನಾಲ್ಕು ವರ್ಷ ಊದಿದ್ದರು. ಗಂಡ ಊದಿದ್ದು ಊರಿನ ಹೆಂಗಸರ ಕೊರಳಲ್ಲಿ ಹೊಳೆಯುತ್ತಿತ್ತು. ಹೆಂಡತಿ ಊದಿದ್ದನ್ನು ಮನೆಯವರು ಊಟ ಮಾಡಿ ಕೈ ತೊಳೆದುಕೊಳ್ಳುತ್ತಿದ್ದರು.

ಒಂದು ಬೆಳಿಗ್ಗೆ ಮಾನಪ್ಪನವರು ಎಳೆಯುತ್ತಿದ್ದವರು ತಟ್ಟನೆ ನಿಲ್ಲಿಸಿದರು.

“ಏ ಇವಳ, ಈ ಡಬ್ಬಿ ಸೋರಾಕತ್ತೈತಿ.”

ಸಾವಂತ್ರೆವ್ವ ಮೂರು ಮೊಳ ದೂರದಲ್ಲಿ ಜೋಳ ಹಸನು ಮಾಡುತ್ತ ಕುಳಿತಿದ್ದರು. “ಸೋರಿದ್ರ ಸೋರಲಿ ಬಿಡ್ರಿ. ಗುಂಡ ಏಳಾಕತ್ತಾವಲ್ಲ.”

“ಸುಂಯ್ ಅಂತೈತಿ. ಸೂಜಿ ತೂತಿನ ಸಪ್ಪಳ. ಕೊಳವ್ಯಾಗ ಕೂದಲದಷ್ಟು ಸೀಳಿದ್ರೂ ನನ್ನ ಕಿವಿಗೆ ಬರ್ತೈತಿ.”

ಕಿವಿಯ ಬಗ್ಗೆ ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ, ಕಿವಿ ಕೊಟ್ಟ ದಿಕ್ಕು ಮಾತ್ರ ತಪ್ಪಾಗಿತ್ತು. ನನ್ನ ಕಷ್ಟ ಅಲ್ಲಿಂದ ಶುರುವಾಯಿತು. ನನ್ನನ್ನು ಬಕೆಟ್ಟಿನ ನೀರಲ್ಲಿ ಮುಳುಗಿಸಿ ಗುಳ್ಳೆ ಬರುತ್ತದೆಯೇ ಎಂದು ನೋಡಿದರು. ಬರಲಿಲ್ಲ. ಭೂತಗನ್ನಡಿ ಹಿಡಿದು ಅಂಚಂಚು ಹುಡುಕಿದರು. ಕಾಣಲಿಲ್ಲ. ಕೊನೆಗೆ ಅಕ್ಕಸಾಲಿಯ ಕೊನೆಯ ಅಸ್ತ್ರ ತೆಗೆದರು. ಒಡವೆಯ ಟೊಳ್ಳಿಗೆ ತುಂಬುವ ಕೆಂಪು ಅರಗನ್ನು ಕಾಯಿಸಿ, ನನ್ನ ಕೊಳವೆ ಮೈಗೆ ಸೇರುವಲ್ಲಿ ಸುತ್ತಲೂ ಬಳಿದರು. ಚುರ್ ಎಂದಿತು. ನಾನು ಸುಮ್ಮನಿದ್ದೆ, ಇರದೆ ಏನು ಮಾಡಲಿ?

ಮರುದಿನ ಬೆಳಿಗ್ಗೆ ಮತ್ತೆ ಸುಂಯ್.

ಮೂರನೆಯ ದಿನ ಅವರು ಕೊಳವೆಯನ್ನು ಬಾಯಿಂದ ತೆಗೆದು, ನನ್ನನ್ನು ಕಿವಿಗೆ ಹಿಡಿದು ಕುಳಿತರು. ನಾನು ಉಸಿರೆತ್ತಲಿಲ್ಲ. ಸಪ್ಪಳ ಬರುತ್ತಲೇ ಇತ್ತು. ಅವರ ತಲೆ ನಿಧಾನವಾಗಿ ಹೆಂಡತಿಯ ಕಡೆ ತಿರುಗಿತು. ಸಾವಂತ್ರೆವ್ವನ ಕೈಯ ಮೊರ ನಿಂತಿತು. ಗಂಡ ನೋಡುತ್ತಿರುವುದು ತಿಳಿದು ಅವರು ಉಸಿರು ಬಿಗಿಹಿಡಿದರು. ಸಪ್ಪಳ ನಿಂತಿತು. ಎಷ್ಟು ಹೊತ್ತು ಹಿಡಿದಾರು? ಬಿಟ್ಟರು. ಸುಂಯ್.

“ಎಷ್ಟ ದಿನ ಆತು?”

“ಏನು?”

“ಈ ಸಪ್ಪಳ.”

“ಹೊಗಿ ಕೆಮ್ಮು. ಒಲಿ ಮುಂದ ಕುಂಡ್ರಾವ್ರಿಗೆ ಇರೂದ ಅದು.”

“ಎಷ್ಟ ದಿನ ಆತು ಅಂತ ಕೇಳಿದ್ನಿ.”

ಸಾವಂತ್ರೆವ್ವ ಜೋಳದಲ್ಲಿ ಇಲ್ಲದ ಹರಳೊಂದನ್ನು ಹುಡುಕಿದರು. “ನಿಮ್ಮ ಎದಿ ಕೊಯ್ಯೂಕಿಂತ ಮೊದಲಿಂದೂ ಐತಿ. ಒಂದ ಮನ್ಯಾಗ ಎರಡೆರಡ ಎದಿ ಎಲ್ಲಿ ಹೊತ್ಕೊಂಡ ತಿರಗೂದು ಅಂತ ಸುಮ್ಮನಿದ್ದೆ.”

ಮಾನಪ್ಪನವರು ನನ್ನ ಮೈಯ ಅರಗಿನ ಉಂಗುರವನ್ನು ಬೆರಳಿಂದ ಸವರುತ್ತ ಕುಳಿತರು.

ಮರುದಿನ ಮೊದಲ ಬಸ್ಸಿಗೆ ಬಾಗಲಕೋಟೆ. ಚೀಲದಲ್ಲಿ ನಾನೂ ಇದ್ದೆ. ಅದೇ ಆಸ್ಪತ್ರೆಯಲ್ಲಿ ಈ ಸಲ ಎದೆರೋಗದ ಡಾಕ್ಟರು. ಸಾವಂತ್ರೆವ್ವನ ಕೈಗೊಂದು ಯಂತ್ರ ಕೊಟ್ಟು ಊದಿಸಿದರು, ಅದು ಬರೆದುಕೊಟ್ಟ ಕಾಗದ ನೋಡಿದರು.

“ಬೀಡಿ ಸೇದತೀರೇನಮ್ಮ?”

“ಅಯ್ಯ ಶಿವನ! ನಾ ಯಾಕ ಸೇದಲ್ರಿ?”

“ನೀವು ಸೇದಿಲ್ಲ, ನಿಮ್ಮ ಒಲಿ ಸೇದಿಸೇತಿ.” ಶ್ವಾಸಕೋಶಕ್ಕೆ ಗಾಳಿ ಒಯ್ಯುವ ಸಣ್ಣ ಕೊಳವೆಗಳು ವರ್ಷಾನುಗಟ್ಟಲೆ ಹೊಗೆ ಕುಡಿದು ಊದಿಕೊಂಡಿವೆ ಎಂದರು. ಕೆಟ್ಟದ್ದು ಪೂರ್ತಿ ಮೊದಲಿನ ಹಾಗಾಗದು. ಆದರೆ ಹೊಗೆ ಇವತ್ತೇ ನಿಂತರೆ, ಎಳೆದುಕೊಳ್ಳುವ ಔಷಧ ದಿನವೂ ತಗೊಂಡರೆ, ನಡಿಗೆ, ಉಸಿರಿನ ಅಭ್ಯಾಸ ಇಟ್ಟುಕೊಂಡರೆ, ಇದ್ದದ್ದನ್ನು ಉಳಿಸಿಕೊಳ್ಳಬಹುದು. “ಒಲಿ ಬಿಡಲಿಲ್ಲಂದ್ರ ಮಾತ್ರ ಮುಂದ ನಾಕ ಹೆಜ್ಜಿ ನಡಿಯೂದೂ ಕಷ್ಟ ಆಕ್ಕೈತಿ,” ಎಂದು ಮಾನಪ್ಪನವರ ಕಡೆ ನೋಡಿ ಹೇಳಿದರು. ರೊಟ್ಟಿಯ ವಿಷಯ ಅವರಿಗೆ ಯಾರು ಹೇಳಿದ್ದರೋ ಕಾಣೆ.

ಹೊರಗೆ ರೋಹಿಣಿ ಸಿಕ್ಕಳು. ನನ್ನನ್ನು ಎತ್ತಿ ನೋಡಿದಳು.

“ಕಾಕಾ, ಇದಕ್ಕೇನು ಬಳಿ ತೊಡಿಸೀರಿ?”

“ಸೋರಾಕತ್ತಿತ್ತು,” ಎಂದರು ಮಾನಪ್ಪನವರು. “ಇದಲ್ಲ. ಹೋಗ್ಲಿ ಬಿಡು.”

ನನಗೆ ಹೊಸ ಕೊಳವೆ ಬಂತು, ಸಾವಂತ್ರೆವ್ವನ ಬಾಯಿಗೆಂದೇ. ಅರಗು ಕೆತ್ತಿ ತೆಗೆಯಲು ರೋಹಿಣಿಗೆ ಅರ್ಧ ಗಂಟೆ ಹಿಡಿಯಿತು. ಪೂರ್ತಿ ಹೋಗಲೇ ಇಲ್ಲ, ಇವತ್ತಿಗೂ ಕೆಂಪು ಗೆರೆಯೊಂದಿದೆ.

ಮನೆಯಲ್ಲಿ ಒಲೆ ಆರಿತು. ಕಬ್ಬಿಣದ ಊದುಗೊಳವೆಯನ್ನು ಮಾನಪ್ಪನವರೇ ತೊಳೆದು, ತಮ್ಮ ಹಿತ್ತಾಳೆಯದರ ಪಕ್ಕದ ಮೊಳೆಗೆ ನೇತುಹಾಕಿದರು. ಬೆಸುಗೆಗೆ ಅವರು ಈಗ ಕಾಲಲ್ಲಿ ಒತ್ತುವ ತಿದಿ ತಂದುಕೊಂಡಿದ್ದಾರೆ. ಗ್ಯಾಸಿನ ಮೇಲಿನ ಮೊದಲ ರೊಟ್ಟಿ ತಟ್ಟೆಗೆ ಬಿದ್ದ ದಿನ ಮುರಿದು ಬಾಯಿಗಿಟ್ಟು, ಬಹಳ ಹೊತ್ತು ಅಗಿದು, “ಛಲೋ ಆಗೇತಿ” ಎಂದರು. ಸುಳ್ಳು ಹೇಳುವಾಗ ಮನುಷ್ಯರ ಉಸಿರು ಸ್ವಲ್ಪ ತಡೆದು ಬರುತ್ತದೆ. ಸಾವಂತ್ರೆವ್ವನಿಗೂ ಅದು ಗೊತ್ತಾಗಿರಬೇಕು, ಇನ್ನೊಂದು ರೊಟ್ಟಿ ಹಾಕಿದರು.

ನಾನೀಗ ಹಳಬ. ಮೈ ಗೀಚಿದೆ, ಹಳದಿ ಗುಂಡು ಒಂದು ಕಡೆ ಚಪ್ಪಟೆಯಾಗಿದೆ. ತಕ್ಕಡಿಯ ಪಕ್ಕದಿಂದ ಅಡುಗೆಮನೆಯ ಕಿಟಕಿಗೆ ಬಂದಿದ್ದೇನೆ. ದರ್ಶನಕ್ಕೆ ಯಾರೂ ಬರುವುದಿಲ್ಲ. ಒಮ್ಮೊಮ್ಮೆ ಯೋಚಿಸುತ್ತೇನೆ. ಮನುಷ್ಯರು ಉಸಿರನ್ನು ಲಕ್ಷಿಸುವುದು ಅದು ಕೆಟ್ಟ ಮೇಲೆ, ಅದೂ ತಮ್ಮದಾದರೆ. ಪಕ್ಕದಲ್ಲಿ ಕುಳಿತವರದು ಕೇಳಿಸಬೇಕಾದರೆ ಒಂದು ಪ್ಲಾಸ್ಟಿಕ್ ಡಬ್ಬಿಗೆ ಅರಗು ಬಳಿಯಬೇಕಾಗುತ್ತದೆ.

ಹೊಸ ಕೊಳವೆ ಬಂದು ಮೂರು ವಾರವಾಯಿತು. ದಿನಾ ಮೂಗುಬಾಯಿಗೆ ಮಾಸ್ಕು ಹಿಡಿದು ಔಷಧ ಎಳೆದುಕೊಂಡ ಮೇಲೆ ಸಾವಂತ್ರೆವ್ವ ನನ್ನ ಮುಂದೆ ಕೂಡುತ್ತಾರೆ. ದಿನಾ ಗಲ್ಲ ಉಬ್ಬುತ್ತದೆ, ನನ್ನ ಮೂವರೂ ಮಲಗೇ ಇರುತ್ತಾರೆ. ಇವತ್ತು ಬೆಳಿಗ್ಗೆ ಮಾನಪ್ಪನವರು ಕೆಲಸ ಬಿಟ್ಟು ಒಳಗೆ ಬಂದು, ಎದುರಿಗೆ ನೆಲದ ಮೇಲೆ ಕುಳಿತರು.

“ಊದಬ್ಯಾಡ. ಎಳಿ.”

“ನಲವತ್ನಾಕ ವರ್ಷ ಊದು ಊದು ಅಂದ್ರಿ. ಈಗ ಎಳಿ ಅಂದ್ರ ಹ್ಯಾಂಗ?”

“ನನಗೂ ಹಂಗ ಆಗಿತ್ತು. ಬೀಡಿ ನೆನಸಿ ಎಳದೆ.”

“ನಾ ಏನ ನೆನಸಲಿ?”

ಮಾನಪ್ಪನವರು ಅವರ ತುರುಬಿನ ಕಡೆ ನೋಡಿದರು. “ಮಲ್ಲಿಗಿ ಹೂವಿನ ಮಾಲಿ ತಂದರ ಮೊದಲ ಮೂಸಿ ನೋಡತಿದ್ದಿ, ಮುಡಕೊಳ್ಳೂಕಿಂತ ಮೊದಲ. ಹಂಗ.”

“ಅದ ತಂದದ್ದು ಯಾವ ಕಾಲಕ್ಕ?”

“ನಾಳಿ ತರ್ತೀನಿ. ಈಗ ಎಳಿ.”

ಸಾವಂತ್ರೆವ್ವ ಕಣ್ಣು ಮುಚ್ಚಿದರು. ಗಲ್ಲ ಉಬ್ಬಲಿಲ್ಲ. ಸೀಟಿಯ ಸಪ್ಪಳ ಸಣ್ಣಗೆ ಬಂತು, ಅದರ ಹಿಂದೆ ಗಾಳಿ ಬಂತು. ನೀಲಿ ಗುಂಡು ಕುಂತಲ್ಲೇ ಒಮ್ಮೆ ಹೊರಳಿತು, ನೆಲ ಬಿಟ್ಟಿತು, ಕೋಣೆಯ ಅರ್ಧಕ್ಕೆ ಬಂದು ತೂಗಾಡಿತು, ಮೆಲ್ಲಗೆ ಮೇಲೆ ಹೋಗಿ ಟಕ್ ಎಂದು ತಾಗಿ, ಅಲ್ಲೇ ನಿಂತಿತು.