ಶಂಭುಲಿಂಗನ ಗಾಲಿ

"ನೋಡೋ ಕುತುಬು, ಕಣ್ಣು ಬಿಟ್ಟು ನೋಡು! ಮುಂಜಾನೆ ನಲವತ್ತೆರಡು ಇದ್ದದ್ದು ಈಗ ನಲವತ್ತೊಂದೂವರಿ ಆತು!" ಶಂಭುಲಿಂಗ ಕೂಗಿದ.

ಬ್ಯಾಡಗಿ ಮಾರುಕಟ್ಟೆ ಯಾರ್ಡಿನ ತೂಕದ ಕೋಣೆಯಲ್ಲಿ, ತಕ್ಕಡಿಯ ಮೇಲೆ ಮೆಣಸಿನಕಾಯಿ ಚೀಲವಿತ್ತು. ಅದರ ಪಕ್ಕದಲ್ಲೇ ನೆಲದ ಮೇಲೆ ಶಂಭುಲಿಂಗನ ಗಾಲಿ ಗಿರ್ರನೆ ತಿರುಗುತ್ತಿತ್ತು. ಮೋಟಾರು ರಿಪೇರಿ ಅಂಗಡಿಯ ಶಂಭುಲಿಂಗ, ಎರಡು ವರ್ಷ ಗಿರಾಕಿಗಳನ್ನೆಲ್ಲ ನಾಳೆ ಬಾ ಎಂದು ಸಾಗಹಾಕಿ ಕಟ್ಟಿದ ಯಂತ್ರವದು. ಅದು ತಿರುಗಿದರೆ ಭೂಮಿಯ ಸೆಳೆತ ತಗ್ಗುತ್ತದಂತೆ. ಇವತ್ತು ಅರ್ಧ ಕಿಲೋ ಇಳಿದರೆ, ಗಾಲಿ ದೊಡ್ಡದಾದಾಗ ಚೀಲವೇ ಗಾಳಿಯಲ್ಲಿ ತೇಲುತ್ತದಂತೆ. ನಾಳೆ ಯಾರ್ಡಿನ ಬಯಲಲ್ಲಿ ಎಲ್ಲರೆದುರು ತೋರಿಸುತ್ತೇನೆಂದು ಊರಿಗೆಲ್ಲ ಸಾರಿಯೂ ಆಗಿತ್ತು.

ಕುತುಬುದ್ದೀನ ಇಪ್ಪತ್ತು ವರ್ಷ ಹಮಾಲಿ ಮಾಡಿ, ಬೆನ್ನು ಕೈಕೊಟ್ಟ ಮೇಲೆ ತೂಕಕ್ಕೆ ಕುಳಿತವನು. ತೇಲುವ ಚೀಲದ ಮಾತಿಗೆ ಅವನಿಗೆ ಒಳಗೊಳಗೇ ನಗು. ಆದರೆ ಅರ್ಧ ಕಿಲೋ ಇಳಿದದ್ದಂತೂ ಸುಳ್ಳಲ್ಲವಲ್ಲ! ತಲೆ ಕೆರೆದುಕೊಂಡು ಚೀಲ ಮುಟ್ಟಿ ನೋಡಿದ. ತಳದಲ್ಲಿ ಇನ್ನೂ ತಣ್ಣಗಿತ್ತು, ಹಸಿಹಸಿ.

"ಈ ಚೀಲ ಎಲ್ಲಿಂದ ತಂದಿ?"

"ಕೋಲ್ಡ್ ಸ್ಟೋರೇಜಿಂದ. ಯಾಕ?"

ಯಾಕೆಂದು ಕುತುಬುದ್ದೀನನಿಗೆ ತಿಳಿದುಹೋಯಿತು. ಥಂಡಿಯಿಂದ ಹೊರಬಂದ ಚೀಲ ಮೊದಲು ಬೆವರಿ ಭಾರವಾಗುತ್ತದೆ, ಆಮೇಲೆ ಗಾಳಿ ತಾಗಿದಂತೆ ಒಣಗಿ ಹಗುರಾಗುತ್ತದೆ. ಗಾಲಿ ಮಾಡಿದ್ದು ಬೀಸಣಿಗೆಯ ಕೆಲಸವಷ್ಟೇ. ಇದು ಯಾರ್ಡಿನ ಹಮಾಲರಿಗೆಲ್ಲ ಗೊತ್ತಿರುವ ಸಂಗತಿ. ನಾಳೆ ಮೊದಲು ನಗುವವರೂ ಅವರೇ. ಅದನ್ನು ನೆನೆದೇ ಅವನಿಗೆ ಸಂಕಟವಾಯಿತು.

"ಚೀಲ ಕೆಳಗ ಇಳಸು. ಈ ಇಪ್ಪತ್ತು ಕಿಲೋ ಕಬ್ಬಿಣದ ಕಲ್ಲು ಇಟ್ಟು ತಿರುಗ್ಸು, ನೋಡೂಣು."

"ನನ್ನ ಮ್ಯಾಲ ನಂಬಿಕಿ ಇಲ್ಲೇನ್ಲೇ?"

"ನಿನ್ನ ಮ್ಯಾಲ ಐತಿ. ಚೀಲದ ಮ್ಯಾಲ ಇಲ್ಲ."

ಶಂಭುಲಿಂಗ ಮುಖ ಗಂಟಿಕ್ಕಿಕೊಂಡೇ ಕಲ್ಲನ್ನಿಟ್ಟ. ಗಾಲಿ ತಿರುಗಿತು. ಇಬ್ಬರೂ ಚಹಾ ಕುಡಿದರು. ಒಂದು ತಾಸು ಕಳೆಯಿತು. ತಕ್ಕಡಿ ಇಪ್ಪತ್ತನ್ನೇ ತೋರಿಸುತ್ತಿತ್ತು, ಗುಂಜಿಯಷ್ಟೂ ಹೆಚ್ಚಿಲ್ಲ, ಕಡಿಮೆಯಿಲ್ಲ.

"ಥಂಡಿ ಮಾಲು, ಶಂಭು. ಒಣಗೇತಿ, ಅಷ್ಟ. ನಾಳೆ ಮಂದಿ ನಕ್ಕರ ನನಗ ನೋಡಾಕ ಆಗಂಗಿಲ್ಲ."

ಶಂಭುಲಿಂಗ ತಕ್ಕಡಿಯನ್ನೊಮ್ಮೆ ಬೆರಳಿಂದ ತಟ್ಟಿ ನೋಡಿದ. ಆಮೇಲೆ ಸ್ವಿಚ್ಚು ಆರಿಸಿದ.

"ಎರಡು ವರ್ಷದ ಹಿಂದ ಚೀಲ ಹೊತ್ತು ನೀ ಇಲ್ಲೇ ಬಿದ್ದೆಯಲ್ಲ," ಎಂದ, ಗಾಲಿಯನ್ನೇ ನೋಡುತ್ತ. "ಅವತ್ತ ಹೊಳದಿತ್ತು ನನಗ ಇದು."

ಕುತುಬುದ್ದೀನ ಸ್ಟೂಲಿನಿಂದ ಎದ್ದ. ಕೆಳಗಿಳಿಸಿದ್ದ ಚೀಲವನ್ನು ಗೋಡೆಬದಿ ಪೇರಿಸಿಟ್ಟ ಚೀಲಗಳ ಅಟ್ಟಿಗೆ ಸೇರಿಸೋಣವೆಂದು ಹಳೆಯ ರೂಢಿಯಂತೆ ಬಗ್ಗಿದ. ಶಂಭುಲಿಂಗ ಅವನ ರಟ್ಟೆ ಹಿಡಿದು ಸ್ಟೂಲಿನ ಮೇಲೆ ಕೂರಿಸಿದ.

"ನೀ ಕುಂದ್ರು."

ಎಂದೂ ಚೀಲ ಹೊತ್ತವನಲ್ಲ ಅವನು. ಎರಡೂ ತೋಳಿಂದ ಅಪ್ಪಿ ಅದನ್ನೆತ್ತಿದ. ಹಿಂದೆ ಗಾಲಿ ಇನ್ನೂ ನಿಂತಿರಲಿಲ್ಲ. ಒಂದೊಂದೇ ಹೆಜ್ಜೆಯಿಡುತ್ತ ಅವನು ಅಟ್ಟಿಯ ಕಡೆ ನಡೆದ.