ಮುಚ್ಚಳದಡಿಯ ದನಿ

ಲ್ಯಾಪ್‌ಟಾಪಿನ ಅಂಚಿನಲ್ಲಿದ್ದ ಆ ಪುಟ್ಟ ಬಿಳಿ ದೀಪ ನಿಧಾನವಾಗಿ ಬೆಳಗುತ್ತಿತ್ತು, ನಿಧಾನವಾಗಿ ಆರುತ್ತಿತ್ತು, ಮಲಗಿದವರ ಉಸಿರಿನ ಹಾಗೆ. ಇಂದಿಗೂ ಎಲ್ಲಾದರೂ ಅಂಥ ದೀಪ ಕಂಡರೆ ಮುಖ ತಿರುಗಿಸಿಕೊಳ್ಳುತ್ತೇನೆ.

ಚನಮಲ್ಲಪ್ಪ ಮಾಸ್ತರರು ನಮ್ಮೂರಿನಲ್ಲಿ ನಲವತ್ತು ವರ್ಷ ಪುರಾಣ ಓದಿದವರು. ಅವರ ಗಂಟಲಿನಲ್ಲಿ ಗಡ್ಡೆಯಾಯಿತು. ಶಸ್ತ್ರಚಿಕಿತ್ಸೆಯಾದ ಮೇಲೆ ದನಿ ಇರುವುದಿಲ್ಲವೆಂದು ವೈದ್ಯರು ಹೇಳಿಬಿಟ್ಟರು. ಅವರ ಹೆಂಡತಿ ನೀಲಗಂಗವ್ವನವರಿಗೆ ಓದು ಬರುತ್ತಿರಲಿಲ್ಲ. ಬಲ್ಲದ್ದೆಲ್ಲ ಗಂಡನ ಬಾಯಿಂದ ಕೇಳಿದ್ದೇ.

"ಇಕಿ ಸಲುವಾಗಿ ಒಂದು ಅಧ್ಯಾಯನರ ಓದಿ ಇಡ್ತೀನಿ, ತಮ್ಮಾ. ನಿನ್ನ ಪೆಟ್ಟಿಗಿ ಕೊಡು," ಎಂದರು ಮಾಸ್ತರರು.

ದನಿ ಹಿಡಿದಿಡುವುದು ಹೇಗೆಂದು ತೋರಿಸಿ ಲ್ಯಾಪ್‌ಟಾಪ್ ಕೊಟ್ಟೆ. ಜೊತೆಗೊಂದು ಭಾಷಣವನ್ನೂ ಬಿಗಿದೆ. ಇದರ ತಂತ್ರಾಂಶ ಯಾವ ಕಂಪನಿಯ ಸ್ವತ್ತೂ ಅಲ್ಲ, ಲೋಕದ ಜನ ಕೂಡಿ ಕಟ್ಟಿದ್ದು, ಕೆಟ್ಟರೆ ನಾವೇ ಬಿಚ್ಚಿ ನೋಡಬಹುದು ಎಂದೆಲ್ಲ. ಬ್ಯಾಟರಿ ಉಳಿಯಲೆಂದು, ಮುಚ್ಚಳ ಮುಚ್ಚಿದರೆ ಯಂತ್ರ ನಿದ್ದೆಹೋಗುವಂತೆ ಹೊಂದಿಸಿದವನೂ ನಾನೇ. ಮಲಗಿದ್ದು ಏಳುತ್ತದೆಯೇ ಎಂದು ಒಮ್ಮೆಯೂ ನೋಡಿರಲಿಲ್ಲ. ದೊಡ್ಡ ಜಾಣ!

ಆಸ್ಪತ್ರೆಗೆ ಹೊರಡುವ ದಿನ ಬೆಳಿಗ್ಗೆ ಮಾಸ್ತರರು ಓದಿ ಮುಗಿಸಿದರು. ಓದು ಮುಗಿದರೆ ಹೊತ್ತಿಗೆ ಮುಚ್ಚಿ ಕಣ್ಣಿಗೊತ್ತಿಕೊಳ್ಳುವುದು ಅವರ ರೂಢಿ. ಅದನ್ನು ಮುಚ್ಚಿದ ಕೈಯಿಂದಲೇ ಲ್ಯಾಪ್‌ಟಾಪನ್ನೂ ಮುಚ್ಚಿ ಕಣ್ಣಿಗೊತ್ತಿಕೊಂಡರು. ಓದಿದ್ದನ್ನು ಸೇವ್ ಮಾಡುವುದು ಮರೆತೇಹೋಯಿತು.

ಎಂಟು ದಿನದ ಮೇಲೆ ದನಿಯಿಲ್ಲದೆ ಮರಳಿದರು. ಅಲ್ಲಿಯವರೆಗೆ ಲ್ಯಾಪ್‌ಟಾಪ್ ಮುಚ್ಚಿದಂತೆಯೇ ಚಾರ್ಜರಿನಲ್ಲಿತ್ತು. ನೀಲಗಂಗವ್ವನವರು ತಲೆಯ ಮೇಲೆ ಸೆರಗು ಹೊದ್ದು, ಪುರಾಣಕ್ಕೆ ಕೂರುವಂತೆಯೇ ಕೂತರು. ನಾನು ಮುಚ್ಚಳ ತೆರೆದೆ. ಪರದೆ ಕಪ್ಪಗೇ ಇತ್ತು; ಮಲಗಿದ ಯಂತ್ರ ಏಳಲಿಲ್ಲ. ಕೀಲಿಗಳನ್ನು ಕುಟ್ಟಿದೆ, ಇನ್ನೊಂದು ಕಂಪ್ಯೂಟರಿಗೆ ತಂತಿ ಎಳೆದು ಅಲ್ಲಿಂದ ಎಬ್ಬಿಸಲು ನೋಡಿದೆ, ಬಲ್ಲವರಿಗೆಲ್ಲ ಬರೆದೆ. "ಇದು ಗೊತ್ತಿರುವ ದೋಷವೇ. ಪವರ್ ಗುಂಡಿ ಅದುಮಿ ಆರಿಸಿ, ಮತ್ತೆ ಶುರುಮಾಡಿ" ಎಂದರು ಎಲ್ಲರೂ. ಆರಿಸಿದರೆ ಸೇವ್ ಆಗದ ಓದು ಅಳಿಸಿಹೋಗುತ್ತದೆ.

"ಅವರ ದನಿ ಒಳಗ ಐತೇನು?" ನೀಲಗಂಗವ್ವನವರು ಕೇಳಿದರು.

"ಐತವ್ವಾ. ಹೊರಗ ತಗ್ಯಾಕ ಬರವಲ್ದು."

"ಹಂಗಾರ ಆರಿಸಬ್ಯಾಡೋ ಯಪ್ಪಾ. ಕೈ ಮುಗಿತೀನಿ."

ದೇವರ ಜಗಲಿಯ ಪಕ್ಕದಲ್ಲಿ ಚಾರ್ಜರಿಗೆ ಹಾಕಿಟ್ಟೆವು. ದಿನವೂ ಹೋಗುತ್ತಿದ್ದೆ. "ಏನರ ಆತೇನು?" ಎಂದು ಅವರು ಕೇಳಿದರೆ ಇಲ್ಲವೆಂದು ತಲೆಯಾಡಿಸುವುದಷ್ಟೇ ನನ್ನ ಕೆಲಸ. ನಾಚಿಕೆಯಿಂದ ಸತ್ತುಹೋಗುತ್ತಿದ್ದೆ.

ಒಮ್ಮೆ ಎರಡು ದಿನ ಕರೆಂಟೇ ಬರಲಿಲ್ಲ. ಬ್ಯಾಟರಿ ಮುಗಿದು ದೀಪ ಆರಿತು. ಕರೆಂಟ್ ಬಂದ ಮೇಲೆ ಗುಂಡಿ ಒತ್ತಿದೆ. ಹಾಳಾದದ್ದು, ಏನೂ ಆಗೇ ಇಲ್ಲವೆಂಬಂತೆ ಚಕ್ಕನೆ ಎದ್ದಿತು! ಮೂಲೆಮೂಲೆ ಹುಡುಕಿದೆ. ಓದು ಇರಲಿಲ್ಲ.

"ಹೋತೇನು?" ಎಂದು ನೀಲಗಂಗವ್ವನವರು ಗೋಡೆಗೊರಗಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಮಾಸ್ತರರು ಅವರತ್ತ ನೋಡಿ ತುಟಿಯಾಡಿಸಿದರು. ಏನೂ ಕೇಳಿಸಲಿಲ್ಲ. ಆಮೇಲೆ ಕೈಚಾಚಿ ಲ್ಯಾಪ್‌ಟಾಪ್ ಮುಚ್ಚಿ, ಎತ್ತಿ ಕಣ್ಣಿಗೊತ್ತಿಕೊಂಡರು.

ಅಂಚಿನ ದೀಪ ಮತ್ತೆ ನಿಧಾನವಾಗಿ ಬೆಳಗಿತು, ನಿಧಾನವಾಗಿ ಆರಿತು. ಈ ಸಲ ಒಳಗೆ ಯಾರೂ ಇರಲಿಲ್ಲ.