ಚೂಟಿ ಯಾಕೆ ಗುರುಗುಟ್ಟುತ್ತಿತ್ತು

ನೀರು ಸರಬರಾಜು ಕಚೇರಿಯಲ್ಲಿ ಫೋನಿನಲ್ಲಿ ದೂರು ಕೇಳುವುದು ಅವಳ ಕೆಲಸ. ನಲ್ಲಿಯಲ್ಲಿ ನೀರು ಬಾರದವರು, ಪೈಪು ಒಡೆದುಕೊಂಡವರು, ಸುಮ್ಮನೆ ಯಾರ ಮೇಲಾದರೂ ರೇಗಬೇಕೆಂದು ಕಾದವರು, ಎಲ್ಲರೂ ಸಂಜೆಯವರೆಗೆ ಸರತಿಯಲ್ಲಿ ಅವಳ ಕಿವಿಯೊಳಗೇ ಬಂದು ಕೂಗಾಡಿ ಹೋಗುತ್ತಿದ್ದರು. ಮನೆ ಸೇರುವಷ್ಟರಲ್ಲಿ ಚಮಚ ತಟ್ಟೆಗೆ ತಾಗಿದ ಸದ್ದೂ ಬೇಡವೆನಿಸುವಷ್ಟು ಸುಸ್ತು.

ಅಂಥ ಮನೆಗೆ ಮಾವ ಬಂದರು, ಜೊತೆಗೆ ಚೂಟಿಯೂ ಬಂತು. ಮಾವ ಬದುಕಿಡೀ ಕಂಡವರ ಮನೆಯ ನೆಲಕ್ಕೆ ಟೈಲ್ಸ್ ಹಾಕಿ ಮಂಡಿ ಸವೆಸಿಕೊಂಡವರು. ಈಗ ಬಿದ್ದು ಸೊಂಟದ ಮೂಳೆಯನ್ನೂ ಮುರಿದುಕೊಂಡು, ಒಬ್ಬರೇ ಇರುವ ಹಾಗಿರಲಿಲ್ಲ. ಗಂಡನದು ಹಡಗಿನ ಕೆಲಸ. ಅಪ್ಪನನ್ನೂ ನಾಯಿಯನ್ನೂ ತಂದು ಬಿಟ್ಟವನು ಮತ್ತೆ ಹಡಗು ಹತ್ತಿದ. ಚೂಟಿ ಮೊಣಕಾಲೆತ್ತರವೂ ಇಲ್ಲದ ಟೆರಿಯರ್ ನಾಯಿ. ಬಿಳಿ ಮೈ, ಒಂದು ಕಿವಿ ಮಾತ್ರ ಕಂದು. ನೋಡಲು ಇಷ್ಟೇ ಇಷ್ಟು, ಗಂಟಲು ಮಾತ್ರ ಬೀದಿಯಗಲ.

ಅವಳು ಬಾಗಿಲು ತೆರೆಯುವುದೇ ತಡ, ಕೋಣೆಯಿಂದ ಕೋಣೆಗೆ ಬಾಣದಂತೆ ಓಡುತ್ತಿತ್ತು. ಬೊಗಳುತ್ತ ಬಂದು ಅವಳ ಕೈಚೀಲದ ಪಟ್ಟಿಗೆ ಬಾಯಿ ಹಾಕಿ, ಗುರ್ರೆಂದು ಜಗ್ಗುತ್ತಿತ್ತು. ಇವತ್ತಲ್ಲ ನಾಳೆ ಕೈಗೇ ಬಾಯಿ ಹಾಕುತ್ತದೆ ಎಂದು ಅವಳಿಗೆ ಪುಕಪುಕ. ಗದರಿದರೆ ಎರಡು ಪಟ್ಟು ಬೊಗಳುತ್ತಿತ್ತು. ಮಾವ ಕುರ್ಚಿಯಲ್ಲಿ ಕೂತು ನೆಲ ನೋಡುತ್ತಿದ್ದರು. ಅವರು ಬಾಯಿ ಬಿಟ್ಟು ಏನನ್ನೂ ಕೇಳಿದವರಲ್ಲ. ಊಟ ಸಾಕೇ ಎಂದರೆ ಸಾಕು, ಸೆಕೆಯೇ ಎಂದರೆ ಇಲ್ಲ.

ಕೆಳಗಿನ ಮನೆಯ ಬಾಣಂತಿ ಒಂದು ದಿನ ಮೆಟ್ಟಿಲ ಬಳಿ ಸಿಕ್ಕಿ, ಸಂಜೆ ಮಗು ಬೆಚ್ಚಿ ಏಳುತ್ತದೆ ಎಂದಳು. ಬೈದಿದ್ದರೆ ಹೇಗೋ ತಡೆದುಕೊಳ್ಳಬಹುದಿತ್ತು. ಅವಳು ಕಣ್ಣ ಕೆಳಗೆ ಕಪ್ಪು ಕಟ್ಟಿಕೊಂಡು ಮೆಲ್ಲಗೆ ಹೇಳಿದ್ದಳು. ಮರುದಿನವೇ ಸೊಸೆ ಊರಾಚೆ ಕುದುರೆ ಸಾಕುವವನೊಬ್ಬನನ್ನು ಹುಡುಕಿದಳು. ಲಾಯದಲ್ಲಿ ಇಲಿ ಕಾಟ, ಹಿಡಿಯಲು ಈ ಜಾತಿಯ ನಾಯಿಯೇ ಬೇಕು, ಭಾನುವಾರ ಬಂದು ನಾಯಿಯನ್ನು ಒಯ್ಯುತ್ತೇನೆ ಎಂದು ಅವನು ಒಪ್ಪಿದ. ಮಾವನಿಗೆ ತಿಳಿಸಿದಳು.

"ಆಯ್ತಮ್ಮ. ನಿನಗೆ ಹೇಗೆ ಅನುಕೂಲವೋ ಹಾಗೆ ಮಾಡು," ಎಂದರು ಅವರು.

ಅಂದು ಅವರು ಅರ್ಧ ಊಟ ಬಿಟ್ಟದ್ದು ಅವಳ ಕಣ್ಣಿಗೆ ಬಿತ್ತು. ಆದರೆ ವಿಚಾರಿಸುವ ತ್ರಾಣ ಇರಲಿಲ್ಲ.

ಶುಕ್ರವಾರ ಕಚೇರಿಯಲ್ಲಿ ಅವಳ ಗಂಟಲು ಕೈಕೊಟ್ಟಿತು. ಮಾತಾಡಲು ಹೋದರೆ ಬರೀ ಗಾಳಿ. ಮೇಲ್ವಿಚಾರಕಿ ಮಧ್ಯಾಹ್ನವೇ ಮನೆಗೆ ಕಳಿಸಿದಳು. ಮೆಟ್ಟಿಲು ಹತ್ತಿ ಬಂದು ಕಿಟಕಿಯಲ್ಲಿ ಇಣುಕಿದರೆ ಮನೆ ತಣ್ಣಗಿತ್ತು. ಮಾವ ಕುರ್ಚಿಯಲ್ಲೇ ತೂಕಡಿಸುತ್ತಿದ್ದರು. ಚೂಟಿ ಅವರ ಪಾದದ ಮೇಲೆ ಗಲ್ಲ ಊರಿ, ಬಾಗಿಲಿಗೆ ದೃಷ್ಟಿ ನೆಟ್ಟು, ಚಕಾರವೆತ್ತದೆ ಮಲಗಿತ್ತು. ಹೀಗೆಯೇ ಇದರ ದಿನವೆಲ್ಲ ಕಳೆಯುತ್ತದೆಂದು ಅವಳು ಯೋಚಿಸಿಯೇ ಇರಲಿಲ್ಲ.

ಒಳಗೆ ಕಾಲಿಟ್ಟೊಡನೆ ಎಂದಿನ ರಂಪ ಶುರುವಾಯಿತು. ಗದರಲು ದನಿಯಿಲ್ಲ. ಚಪ್ಪಲಿಯನ್ನೂ ಬಿಚ್ಚದೆ ಅಲ್ಲೇ ಗೋಡೆಗೊರಗಿ ಕುಸಿದು ಕೂತಳು. ಚೂಟಿ ಪಟ್ಟಿ ಹಿಡಿದು ಗುರುಗುಟ್ಟುತ್ತ ಜಗ್ಗಿತು. ಅವಳು ಅಲುಗಾಡಲಿಲ್ಲ. ಅದು ಪಟ್ಟಿ ಬಿಟ್ಟು ಹಿಂದೆ ಸರಿದು, ಎದೆಯನ್ನು ನೆಲಕ್ಕಾನಿಸಿ, ಹಿಂಭಾಗ ಮೇಲೆತ್ತಿ, ಬಾಲ ಬೀಸುತ್ತ ಒಂದು ಸಲ ಸೀನಿತು. ಆಮೇಲೆ ಪಟ್ಟಿಯ ತುದಿಯನ್ನು ತಾನೇ ಕಚ್ಚಿ ತಂದು ಅವಳ ಅಂಗೈಯಲ್ಲಿ ಇಟ್ಟಿತು. ಅವಳು ಮೆಲ್ಲಗೆ ಎಳೆದಳು. ಚೂಟಿ ಗರ್ಜಿಸಿತು, ಆದರೆ ಹಲ್ಲು ಬೆರಳಿಗೆ ತಾಗಿದಾಗ ತಟ್ಟನೆ ಬಾಯಿ ಸಡಿಲಿಸಿತು.

"ಅದು ಕೋಪ ಅಲ್ಲಮ್ಮ, ಹುಮ್ಮಸ್ಸು," ಎಂದರು ಎಚ್ಚರಗೊಂಡಿದ್ದ ಮಾವ. "ಈ ಜಾತಿಯೇ ಹಾಗೆ, ಬಾಯಿ ಮುಚ್ಕೊಂಡು ಆಡೋಕೆ ಬರಲ್ಲ. ನೀನು ಗದರಿದಾಗ, ನೀನೂ ಜೊತೆಗೆ ಬೊಗಳ್ತಿದ್ದೀಯ ಅಂತ ಅದಕ್ಕೆ ಖುಷಿಯೋ ಖುಷಿ."

ಅವಳಿಗೆ ನಗು ಬಂತು. ದನಿಯಿಲ್ಲದ ನಗು ಕೆಮ್ಮಾಯಿತು. "ಮೊದಲೇ ಯಾಕೆ ಹೇಳ್ಲಿಲ್ಲ ಮಾವ?" ಎಂದು ಪಿಸುಗುಟ್ಟಿದಳು.

"ದಿನವಿಡೀ ಕಂಡವರ ದೂರು ಕೇಳಿ ಬರ್ತೀಯ. ಮನೇಲಿ ನನ್ನದೂ ಒಂದು ಯಾಕೆ ಅಂತ."

ಅವಳು ಕೂತಲ್ಲಿಂದಲೇ ಕುದುರೆಯವನಿಗೆ ಬರುವುದು ಬೇಡವೆಂದು ಮೆಸೇಜ್ ಕಳಿಸಿದಳು. ಅವನು ಮುನಿಸಿಕೊಂಡು ಉತ್ತರವನ್ನೇ ಕೊಡಲಿಲ್ಲ.

ಚೂಟಿ ಏನೂ ಸಾಧುವಾಗಲಿಲ್ಲ. ಮಾವ ಹೇಳಿಕೊಟ್ಟಂತೆ, ಬೊಗಳಿದಾಗ ಅವಳು ಬೆನ್ನು ತಿರುಗಿಸಿ ನಿಲ್ಲುತ್ತಾಳೆ, ಸುಮ್ಮನಾದರೆ ಹಳೆಯ ಹಗ್ಗದ ತುಂಡು ಹಿಡಿದು ಒಂದಷ್ಟು ಹೊತ್ತು ಎಳೆದಾಡಿಸುತ್ತಾಳೆ, ಆಮೇಲೆ ಬೀದಿಯಲ್ಲಿ ಒಂದು ಸುತ್ತು. ಕೆಲವು ಸಂಜೆ ಅದೂ ಬೇಡವೆನಿಸುವಷ್ಟು ಮೈ ಭಾರ. ಗದ್ದಲ ಅರ್ಧಕ್ಕರ್ಧ ಇಳಿದಿದೆ. ಬಾಣಂತಿ ಈಗಲೂ ಒಮ್ಮೊಮ್ಮೆ ಮೇಲೆ ನೋಡಿ ನಿಟ್ಟುಸಿರು ಬಿಡುತ್ತಾಳೆ.

ಗಂಟಲು ಸರಿಯಾಗಿ ಅವಳು ಕೆಲಸಕ್ಕೆ ಮರಳಿದ ದಿನ ರಾತ್ರಿ, ದೀಪ ಆರಿಸಲು ಹೋದವಳನ್ನು ಮಾವ ತಡೆದರು.

"ದಿಂಬು ಸ್ವಲ್ಪ ಎತ್ತರ ಆಯ್ತಮ್ಮ. ಕತ್ತು ನೋಯುತ್ತೆ."

"ಯಾವಾಗಿನಿಂದ?"

"ಬಂದಾಗಿನಿಂದ."

ಅವಳು ತನ್ನ ಹಾಸಿಗೆಯಿಂದ ತೆಳ್ಳನೆಯ ದಿಂಬು ತಂದು, ಅವರ ತಲೆ ಎತ್ತಿ ಹಿಡಿದು ಬದಲಾಯಿಸಿದಳು.